ಗಾಜಿನ ಪಾತ್ರೆಯಲ್ಲಿ ಮನುಷ್ಯನ ಕರುಳು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಸಾಹಿತ್ಯವನ್ನು ಕುರಿತು, ನಾಡುನುಡಿಗಳನ್ನು ಕುರಿತು ಅಧಿಕಾರವಾಣಿಯಿಂದ ಮಾತನಾಡಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ವಿಜ್ಞಾನದ ವಿಷಯವೊಂದನ್ನು ನಮ್ಮ ಮನೆಮಂದಿಗೆಲ್ಲ ತಿಳಿಯುವಂತೆ ಕನ್ನಡದಲ್ಲಿ ಹೇಳಬೇಕೆಂದು ಕಾರ್ಯಕರ್ತರು ನನಗೆ ಅಪ್ಪಣೆ ಮಾಡಿದ್ದಾರೆ. ಆಕಾಶದ ನಕ್ಷತ್ರಗಳನ್ನೋ ಅಣುವಿನ ಗರ್ಭವನ್ನೋ ಕುರಿತು ಹೇಳಬಹುದಾಗಿತ್ತು. ಆದರೆ ಅವುಗಳಿಗಿಂತ ಎಷ್ಟೋ ಹತ್ತಿರದಲ್ಲಿದ್ದೂ ಅವುಗಳಷ್ಟೇ ಕಣ್ಣಿಗೆ ಮರೆಯಾಗಿರುವ ಒಂದು ಪ್ರದೇಶವುಂಟು. ಅದು ನಮ್ಮ ಹೊಟ್ಟೆ. ಆ ಹೊಟ್ಟೆಯೊಳಗಿನ ಕರುಳನ್ನೂ ಅಲ್ಲಿ ನೆಲಸಿರುವ ಸೂಕ್ಷ್ಮಜೀವಿಗಳನ್ನೂ ಪ್ರಯೋಗಶಾಲೆಯ ಗಾಜಿನ ಪಾತ್ರೆಗಳಲ್ಲಿ ವಿಜ್ಞಾನಿಗಳು ಹೇಗೆ ಅಣಕಿಸಿ ಕಟ್ಟಿದ್ದಾರೆ, ಅದರಿಂದ ನಮ್ಮಂಥವರಿಗೆ ಏನು ಪ್ರಯೋಜನ, ಎಂಬುದೇ ಇಂದಿನ ನನ್ನ ವಿಷಯ.

ಮೊದಲು ಕರುಳಿನ ಪರಿಚಯವನ್ನು ಮಾಡಿಕೊಳ್ಳೋಣ. ನಾವು ಬೆಳಿಗ್ಗೆ ಉಣ್ಣುವ ಕುಚ್ಚಿಲಕ್ಕಿಯ ಗಂಜಿ ಬಾಯಿಯಿಂದ ಜಠರಕ್ಕೆ ಇಳಿಯುತ್ತದೆ. ಅಲ್ಲಿ ಹುಳಿಯಾದ ಆಮ್ಲರಸವೂ ಪೆಪ್ಸಿನ್ ಎಂಬ ಕಿಣ್ವವೂ ಅದರೊಡನೆ ಬೆರೆಯುತ್ತವೆ. ಆ ಬಳಿಕ ಸಣ್ಣಕರುಳು. ಹೆಸರು ಸಣ್ಣದಾದರೂ ಉದ್ದ ಸುಮಾರು 6 ಮೀಟರು. ಪಿತ್ತರಸವೂ ಮೇದೋಜೀರಕಾಂಗದ ರಸವೂ ಅಲ್ಲಿ ಸೇರಿ, ಅನ್ನದ ಸಾರವೆಲ್ಲ ರಕ್ತಕ್ಕೆ ಹೀರಲ್ಪಡುತ್ತದೆ. ಅಲ್ಲಿ ಜೀರ್ಣವಾಗದೆ ಉಳಿದ ನಾರು ಮತ್ತು ಕೆಲವು ಬಗೆಯ ಪಿಷ್ಟ ಸುಮಾರು ಒಂದೂವರೆ ಮೀಟರು ಉದ್ದದ ದೊಡ್ಡಕರುಳನ್ನು ಸೇರುತ್ತವೆ. ಹಿಂದಿನವರು ಈ ದೊಡ್ಡಕರುಳನ್ನು ಕೇವಲ ಕಸದ ತೊಟ್ಟಿಯೆಂದು ತಿಳಿದಿದ್ದರು. ವಾಸ್ತವವಾಗಿ ಅದೊಂದು ದೊಡ್ಡ ಊರು.

ಆ ಊರಿನ ಜನಸಂಖ್ಯೆಯನ್ನು ಕೇಳಿದರೆ ಬೆರಗಾಗುತ್ತದೆ. ಒಬ್ಬ ವಯಸ್ಕನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆಯೆಂದು 2016ರಲ್ಲಿ ಪ್ರಕಟವಾದ ಲೆಕ್ಕವೊಂದು ತಿಳಿಸಿತು. ದೇಹದ ಸ್ವಂತ ಜೀವಕೋಶಗಳ ಸಂಖ್ಯೆ ಸುಮಾರು 30 ಲಕ್ಷ ಕೋಟಿ. ಅಂದರೆ ಮನೆಯವರಿಗಿಂತ ನೆಂಟರೇ ಹೆಚ್ಚು! ಇವರಲ್ಲಿ ಬಹುಪಾಲು ದೊಡ್ಡಕರುಳಿನ ನಿವಾಸಿಗಳು. ಎಲ್ಲವನ್ನೂ ಒಟ್ಟುಗೂಡಿಸಿ ತೂಗಿದರೆ 200 ಗ್ರಾಮಿನಷ್ಟಾದೀತು. ಇವು ಬಿಟ್ಟಿ ಊಟದ ನೆಂಟರೂ ಅಲ್ಲ. ನಮಗೆ ಜೀರ್ಣಿಸಲಾರದ ನಾರನ್ನೂ ಪಿಷ್ಟವನ್ನೂ ಇವು ಹುಳಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಎಂಬ ಆಮ್ಲಗಳನ್ನಾಗಿ ಮಾಡುತ್ತವೆ. ಈ ಬ್ಯುಟಿರಿಕ್ ಆಮ್ಲವೇ ದೊಡ್ಡಕರುಳಿನ ಒಳಪದರದ ಜೀವಕೋಶಗಳಿಗೆ ಮುಖ್ಯ ಆಹಾರ. ರೋಗಾಣುಗಳು ಬಂದು ಬೀಡುಬಿಡದಂತೆ ಜಾಗವನ್ನು ಕಾಯುವುದೂ ಇವುಗಳ ಇನ್ನೊಂದು ಕೆಲಸ.

ಇಂತಹ ಊರನ್ನು ನೋಡಿಬರೋಣವೆಂದರೆ ದಾರಿಯಿಲ್ಲ. ಬದುಕಿರುವ ಮನುಷ್ಯನ ಹೊಟ್ಟೆಯನ್ನು ಬೇಕೆಂದಾಗ ತೆರೆದು ನೋಡುವ ಹಾಗಿಲ್ಲ. ವಿಷವೊಂದನ್ನು ಪರೀಕ್ಷಿಸಬೇಕಾದರೆ ಮನುಷ್ಯನಿಗೆ ಉಣಬಡಿಸಿ ನೋಡುವುದು ಅಧರ್ಮ. ಇಲಿಗಳ ಮೇಲೆ ಪ್ರಯೋಗ ಮಾಡಬಹುದು, ಆದರೆ ಇಲಿಯ ಕರುಳೂ ಅದರ ಸೂಕ್ಷ್ಮಜೀವಿಗಳೂ ನಮ್ಮವುಗಳಂತಿಲ್ಲ. ಆದುದರಿಂದ ಕರುಳನ್ನು ದೇಹದ ಹೊರಗೆ ಕಟ್ಟಿ ನೋಡುವ ಯೋಚನೆ ಹುಟ್ಟಿತು.

ಈ ಯೋಚನೆ ಹೊಸದಲ್ಲ. 1752ರಲ್ಲಿ ಫ್ರಾನ್ಸಿನ ರೇಓಮ್ಯೂರ್ ಎಂಬ ಪಂಡಿತನು ತಾನು ಸಾಕಿದ ಹದ್ದಿಗೆ, ಎರಡು ತುದಿಗಳಿಗೂ ಜಾಲರಿ ಕಟ್ಟಿದ ಲೋಹದ ಕೊಳವೆಯಲ್ಲಿ ಮಾಂಸವನ್ನಿಟ್ಟು ನುಂಗಿಸಿದನು. ಹದ್ದು ಕೊಳವೆಯನ್ನು ಕಾರಿದಾಗ ಒಳಗಿನ ಮಾಂಸ ಕರಗಿತ್ತು. ಹೊಟ್ಟೆ ಅರೆಯುವ ಒರಳು ಮಾತ್ರವಾಗಿದ್ದರೆ ಲೋಹದ ರಕ್ಷಣೆಯಲ್ಲಿದ್ದ ಮಾಂಸ ಹಾಗೆಯೇ ಉಳಿಯಬೇಕಾಗಿತ್ತು. ಕರಗಿಸುವ ರಸವೊಂದು ಅಲ್ಲಿದೆಯೆಂದು ಇದರಿಂದ ಸಿದ್ಧವಾಯಿತು. ಇಟಲಿಯ ಸ್ಪಲ್ಲಾಂಜಾನಿ ಆ ರಸವನ್ನೇ ಹೊರಗೆ ತೆಗೆದು, ಮಾಂಸದೊಡನೆ ಸಣ್ಣ ಗಾಜಿನ ನಳಿಗೆಯಲ್ಲಿ ತುಂಬಿ, ಮೈಬಿಸಿ ತಾಗಲೆಂದು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದನು. ಮಾಂಸ ಅಲ್ಲಿಯೂ ಕರಗಿತು. ಹೊಟ್ಟೆಯ ಹೊರಗೆ ಹೊಟ್ಟೆಯನ್ನು ಕಟ್ಟುವ ವಿದ್ಯೆಗೆ ಆ ಕಂಕುಳಿನ ನಳಿಗೆಯೇ ನಾಂದಿಯೆನ್ನಬಹುದು.

ಅಮೆರಿಕದಲ್ಲಿ 1822ರಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಆಕಸ್ಮಿಕವಾಗಿ ಗುಂಡು ತಗಲಿ, ಬದುಕಿ ಉಳಿದರೂ ಜಠರದಲ್ಲಿ ಒಂದು ರಂಧ್ರ ಮುಚ್ಚದೆ ಉಳಿಯಿತು. ಅವನನ್ನು ಉಪಚರಿಸಿದ ಸೇನಾವೈದ್ಯ ವಿಲಿಯಂ ಬೋಮಾಂಟ್, ಆ ಕಿಂಡಿಯಿಂದ ಆಹಾರದ ತುಣುಕುಗಳನ್ನು ರೇಷ್ಮೆಯ ದಾರಕ್ಕೆ ಕಟ್ಟಿ ಇಳಿಬಿಟ್ಟು, ಎಷ್ಟು ಹೊತ್ತಿಗೆ ಏನಾಯಿತೆಂದು ಎಳೆದು ನೋಡುತ್ತಿದ್ದನು. ಅದೇ ರಸವನ್ನು ಸೀಸೆಯಲ್ಲಿ ಹಿಡಿದು ಬಿಸಿಯಾಗಿಟ್ಟು, ಒಳಗೂ ಹೊರಗೂ ನಡೆಯುವ ಕ್ರಿಯೆಗಳನ್ನು ಹೋಲಿಸಿದನು. 1833ರಲ್ಲಿ ಅವನ ಗ್ರಂಥ ಪ್ರಕಟವಾಯಿತು. ಜ್ಞಾನವೇನೋ ಬೆಳೆಯಿತು. ಆದರೆ ಬಡವನೊಬ್ಬನ ಗಾಯದ ಮೂಲಕ ಬೆಳೆಯಿತೆಂಬುದನ್ನು ನಾವು ಮರೆಯಬಾರದು.

ಇನ್ನು ನಮ್ಮ ಕಡೆಗೆ ಬರೋಣ. ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಆರಂಭವಾದುದು ತಮಗೆ ತಿಳಿದಿರಬಹುದು. ಅಲ್ಲಿಯ ಕಲ್ಪನಾ ಪ್ಲಾಟೆಲ್, ಕೆ. ಶ್ರೀನಿವಾಸನ್ ಮೊದಲಾದ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ಧಾನ್ಯಗಳನ್ನು ಹಿಡಿದು ಒಂದು ಪ್ರಶ್ನೆ ಕೇಳಿದರು. ಅಕ್ಕಿಯಲ್ಲಿ, ರಾಗಿಯಲ್ಲಿ, ಬೇಳೆಯಲ್ಲಿ ಕಬ್ಬಿಣ ಇಷ್ಟಿದೆ, ಸತು ಇಷ್ಟಿದೆ ಎಂದು ಪಟ್ಟಿ ಮಾಡುವುದು ಸುಲಭ. ಆದರೆ ಅದರಲ್ಲಿ ದೇಹಕ್ಕೆ ದಕ್ಕಬಲ್ಲ ಪಾಲು ಎಷ್ಟು? ತಿಜೋರಿಯಲ್ಲಿರುವ ಹಣವೆಲ್ಲ ಕೈಗೆ ಬರುವ ಹಣವಲ್ಲವಷ್ಟೆ.

ಅವರು ಅನುಸರಿಸಿದ ಕ್ರಮ ಸರಳವಾದುದು. ಧಾನ್ಯವನ್ನು ಅರೆದು, ಜಠರದಷ್ಟು ಆಮ್ಲತೆ ಬರುವಂತೆ ಆಮ್ಲವನ್ನು ಕೂಡಿಸಿ, ಪೆಪ್ಸಿನ್ ಬೆರಸಿ, 37 ಡಿಗ್ರಿ ಶಾಖದಲ್ಲಿ ಎರಡು ಗಂಟೆಗಳ ಕಾಲ ಅಲುಗಾಡಿಸುತ್ತ ಇಡುವುದು. ಇದು ಜಠರದ ಅಣಕ. ಬಳಿಕ ಅತಿಸೂಕ್ಷ್ಮ ರಂಧ್ರಗಳುಳ್ಳ ಒಂದು ಚೀಲದಲ್ಲಿ ಕ್ಷಾರದ್ರಾವಣವನ್ನು ತುಂಬಿ ಅದರೊಳಗೆ ಇಳಿಸುವುದು. ಚೀಲದಿಂದ ಕ್ಷಾರ ಹೊರಗೆ ಒಸರಿ ಆಮ್ಲವನ್ನು ತಗ್ಗಿಸುತ್ತದೆ. ಆಗ ಪಿತ್ತದ ಲವಣಗಳನ್ನೂ ಮೇದೋಜೀರಕಾಂಗದ ಕಿಣ್ವಗಳನ್ನೂ ಸೇರಿಸುವುದು. ಇದು ಸಣ್ಣಕರುಳಿನ ಅಣಕ. ಆಹಾರದಿಂದ ಬಿಡುಗಡೆಯಾದ ಕಬ್ಬಿಣವೂ ಸತುವೂ ರಂಧ್ರಗಳಲ್ಲಿ ನುಸುಳಿ ಚೀಲದೊಳಗೆ ಬರುತ್ತವೆ. ಅಲ್ಲಿ ಬಂದುದೆಷ್ಟೋ ಅಷ್ಟೇ ದೇಹಕ್ಕೆ ದಕ್ಕಬಲ್ಲ ಪಾಲು.

ಇದರಿಂದ ತಿಳಿದುಬಂದುದು ನಮ್ಮ ತಾಯಂದಿರಿಗೆ ಸಂತೋಷವನ್ನುಂಟುಮಾಡುವ ಸಂಗತಿ. ಇಡ್ಲಿ ದೋಸೆಗಳ ಹಿಟ್ಟು ಹುಳಿಬಂದಾಗ ಅದರಲ್ಲಿನ ಕಬ್ಬಿಣ ಮತ್ತು ಸತು ಹೆಚ್ಚಾಗಿ ಬಿಡುಗಡೆಯಾಗುತ್ತವೆಂದು 2007ರಲ್ಲಿ ಅವರು ಪ್ರಕಟಿಸಿದರು. ಧಾನ್ಯಗಳಲ್ಲಿ ಫೈಟಿಕ್ ಆಮ್ಲವೆಂಬುದೊಂದು ಖನಿಜಗಳನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತದೆ. ಹುಳಿಸಿದಾಗ ಆ ಹಿಡಿತ ಸಡಿಲುತ್ತದೆ. ಈರುಳ್ಳಿ ಬೆಳ್ಳುಳ್ಳಿಗಳು ಜತೆಗಿದ್ದರೆ ಧಾನ್ಯದ ಕಬ್ಬಿಣ ಮತ್ತು ಸತು ಇನ್ನೂ ಹೆಚ್ಚು ದಕ್ಕುತ್ತವೆಂದು 2010ರಲ್ಲಿ ತೋರಿಸಿದರು. ಹುರುಳಿ ಸಾರಿಗೆ ಬೆಳ್ಳುಳ್ಳಿಯ ಒಗ್ಗರಣೆ ಹಾಕುವ ಅಜ್ಜಿಗೆ ಈ ಲೆಕ್ಕ ತಿಳಿದಿರಲಿಲ್ಲ. ರುಚಿ ತಿಳಿದಿತ್ತು. ಆದರೆ ರಕ್ತಹೀನತೆ ನಮ್ಮ ದೇಶದ ಹೆಣ್ಣುಮಕ್ಕಳನ್ನು ಕಾಡುತ್ತಿರುವಾಗ, ಔಷಧದಂಗಡಿಗೆ ಹೋಗುವ ಮುಂಚೆ ಅಡುಗೆಮನೆಯಲ್ಲಿ ಏನು ಸಾಧ್ಯ ಎಂಬುದನ್ನು ಅಳೆದು ಹೇಳುವುದು ಸಣ್ಣ ಕಾರ್ಯವಲ್ಲ.

ಮೈಸೂರಿನ ಈ ಮಾದರಿಯಲ್ಲಿ ಸೂಕ್ಷ್ಮಜೀವಿಗಳಿಲ್ಲ. ಅದು ಜಠರ ಮತ್ತು ಸಣ್ಣಕರುಳುಗಳಿಗೆ ಸೀಮಿತವಾದುದು. ದೊಡ್ಡಕರುಳಿನ ಊರನ್ನೇ ಗಾಜಿನಲ್ಲಿ ನೆಲೆಗೊಳಿಸುವ ಸಾಹಸವನ್ನು 1993ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾನಿಲಯದಲ್ಲಿ ವಿಲ್ಲಿ ವೆರ್‌ಸ್ಟ್ರಾಟೆ ಮತ್ತು ಅವರ ಸಂಗಡಿಗರು ಪ್ರಕಟಿಸಿದರು. ‘ಶೈಮ್’ ಎಂಬುದು ಆ ಯಂತ್ರದ ಹೆಸರು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಾಲಾಗಿ ಐದು ಗಾಜಿನ ಪಾತ್ರೆಗಳನ್ನು ಕಲ್ಪಿಸಿಕೊಳ್ಳಿರಿ. ಅವು ಒಂದಕ್ಕೊಂದು ಕೊಳವೆಗಳಿಂದ ಜೋಡಿಸಲ್ಪಟ್ಟಿವೆ. ಮೊದಲನೆಯದು ಜಠರ, ಎರಡನೆಯದು ಸಣ್ಣಕರುಳು, ಉಳಿದ ಮೂರು ದೊಡ್ಡಕರುಳಿನ ಏರುಭಾಗ, ಅಡ್ಡಭಾಗ ಮತ್ತು ಇಳಿಭಾಗಗಳು. ಎಲ್ಲವೂ ಮೈಬಿಸಿಯಷ್ಟು, ಅಂದರೆ 37 ಡಿಗ್ರಿ ಶಾಖದಲ್ಲಿರುತ್ತವೆ. ದೊಡ್ಡಕರುಳಿನ ಸೂಕ್ಷ್ಮಜೀವಿಗಳಲ್ಲಿ ಬಹುಪಾಲಿಗೆ ಆಮ್ಲಜನಕವೇ ವಿಷ. ಆದುದರಿಂದ ಸಾರಜನಕವನ್ನು ಹಾಯಿಸಿ ಗಾಳಿಯನ್ನು ಹೊರದೂಡುತ್ತಾರೆ. ಪಾತ್ರೆಗಳ ಆಮ್ಲತೆ ಒಂದೇ ಸಮನಾಗಿಲ್ಲ. ಏರುಭಾಗದಲ್ಲಿ ಹುಳಿ ಹೆಚ್ಚು, ಇಳಿಭಾಗಕ್ಕೆ ಬಂದಂತೆ ಕಡಿಮೆ, ನಮ್ಮ ಹೊಟ್ಟೆಯಲ್ಲಿರುವಂತೆಯೇ. ಇದನ್ನೆಲ್ಲ ಗಣಕಯಂತ್ರವು ಹಗಲಿರುಳು ಕಾಯುತ್ತದೆ. ದಿನಕ್ಕೆ ಮೂರು ಹೊತ್ತು ಯಂತ್ರಕ್ಕೆ ಊಟ! ಪಿಷ್ಟ, ನಾರು, ಸಸಾರಜನಕಗಳ ತಿಳಿಯಾದ ಅಂಬಲಿ ಜಠರದ ಪಾತ್ರೆಗೆ ಬೀಳುತ್ತದೆ. ಮುಂದಿನ ಪಾತ್ರೆಯಲ್ಲಿ ಪಿತ್ತ ಮತ್ತು ಪಾಚಕರಸಗಳು ಸೇರುತ್ತವೆ. ಹೀಗೆ ಅದು ಮುಂದೆ ಮುಂದೆ ಸಾಗುತ್ತದೆ.

ಊರಿಗೆ ಜನರೆಲ್ಲಿಂದ ಬರಬೇಕು? ಆರೋಗ್ಯವಂತನೊಬ್ಬನ ಮಲದಿಂದ. ಸಭೆಯಲ್ಲಿ ಈ ಮಾತನ್ನಾಡುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಗೊಬ್ಬರದ ಬೆಲೆಯನ್ನು ಬಲ್ಲ ಕೃಷಿಕರ ನಾಡು ನಮ್ಮದು. ಮಜ್ಜಿಗೆಯ ಹೆಪ್ಪನ್ನು ಹಾಲಿಗೆ ಹಾಕುವಂತೆ, ಆ ಮಲದ ದ್ರಾವಣವನ್ನು ದೊಡ್ಡಕರುಳಿನ ಪಾತ್ರೆಗಳಿಗೆ ಹಾಕುತ್ತಾರೆ. ಸುಮಾರು ಎರಡು ವಾರಗಳಲ್ಲಿ ಪ್ರತಿಯೊಂದು ಪಾತ್ರೆಯಲ್ಲಿಯೂ ಆಯಾ ಭಾಗಕ್ಕೆ ಒಗ್ಗಿದ ಸೂಕ್ಷ್ಮಜೀವಿಗಳ ಸಮಾಜವೊಂದು ನೆಲೆಗೊಳ್ಳುತ್ತದೆ. ಆಮೇಲೆ ಪ್ರಯೋಗ. ಹೊಸ ಆಹಾರವನ್ನೋ ಔಷಧವನ್ನೋ ವಿಷವನ್ನೋ ಸೇರಿಸಿ, ವಾರಗಟ್ಟಲೆ ಕಾದು, ಯಾವ ಜೀವಿ ಹೆಚ್ಚಿತು, ಯಾವುದು ಕುಗ್ಗಿತು, ಯಾವ ಆಮ್ಲ ಎಷ್ಟು ಉತ್ಪನ್ನವಾಯಿತು ಎಂದು ಅಳೆಯುತ್ತಾರೆ. ಮನುಷ್ಯನಲ್ಲಿ ಕೊನೆಯ ತುದಿಯಿಂದ ಹೊರಬಂದುದನ್ನು ಮಾತ್ರ ನೋಡಬಹುದು. ಇಲ್ಲಿ ಮಧ್ಯದ ಯಾವ ಹಂತದಿಂದಲಾದರೂ ಒಂದು ಚಮಚ ತೆಗೆದು ನೋಡಬಹುದು.

ಇದೇ ದಶಕದಲ್ಲಿ ಹಾಲೆಂಡಿನ ಟಿ.ಎನ್.ಓ. ಸಂಸ್ಥೆಯವರು ‘ಟಿಮ್’ ಎಂಬ ಯಂತ್ರವನ್ನು ಕಟ್ಟಿದರು. ಅದರ ಒಳಗೋಡೆ ಮೆತ್ತಗಿನದು. ಹೊರಗಿನ ನೀರಿನ ಒತ್ತಡದಿಂದ ಅದು ನಿಜವಾದ ಕರುಳಿನಂತೆ ಹಿಂಡಿ ಹಿಂಡಿ ಆಹಾರವನ್ನು ಮುಂದೂಡುತ್ತದೆ. 2009ರಲ್ಲಿ ಹಾಲೆಂಡಿನಲ್ಲಿಯೇ ಹಾನ್ಸ್ ಕ್ಲೆವರ್ಸ್ ಅವರ ಪ್ರಯೋಗಶಾಲೆಯವರು ಕರುಳಿನ ಒಂದೇ ಒಂದು ಮೂಲಕೋಶದಿಂದ ಪುಟ್ಟ ಕರುಳಿನ ಗಂಟನ್ನು ಬೆಳೆಸಿದರು. 2012ರಲ್ಲಿ ಅಮೆರಿಕದ ಹಾರ್ವರ್ಡಿನ ವೀಸ್ ಸಂಸ್ಥೆಯಲ್ಲಿ ಡೊನಾಲ್ಡ್ ಇಂಗ್ಬರ್ ಮತ್ತು ಸಂಗಡಿಗರು ಬೆರಳಷ್ಟು ದೊಡ್ಡ ಪಾರದರ್ಶಕ ತುಂಡೊಂದರಲ್ಲಿ ಎರಡು ಸಣ್ಣ ಕಾಲುವೆಗಳನ್ನು ಕೊರೆದು, ನಡುವಣ ರಂಧ್ರಮಯ ಪೊರೆಯ ಮೇಲೆ ಮನುಷ್ಯನ ಕರುಳಿನ ಜೀವಕೋಶಗಳನ್ನು ಬೆಳೆಸಿದರು. ದ್ರವ ಹರಿಯಿಸಿ, ಪೊರೆಯನ್ನು ಲಯಬದ್ಧವಾಗಿ ಎಳೆದು ಬಿಟ್ಟಾಗ ಆ ಕೋಶಗಳು ಕರುಳಿನೊಳಗಿರುವಂತೆ ಮಡಿಕೆ ಮಡಿಕೆಯಾಗಿ ಎದ್ದು ನಿಂತವು. ಅವುಗಳ ಮೇಲೆ ಹಿತಕರವಾದ ಬ್ಯಾಕ್ಟೀರಿಯಾಗಳೂ ಬಾಳಿದವು. ಶೈಮ್ ಯಂತ್ರದಲ್ಲಿ ಊರಿದೆ, ಮನೆಯ ಗೋಡೆಯಿಲ್ಲ. ಈ ತುಂಡಿನಲ್ಲಿ ಗೋಡೆಯಿದೆ, ಊರು ಚಿಕ್ಕದು. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಇಷ್ಟೆಲ್ಲ ಯಾತಕ್ಕೆ ಎಂದು ತಾವು ಕೇಳಬಹುದು. ದೊಡ್ಡಕರುಳಿನ ಊರಿನ ವ್ಯವಹಾರವನ್ನು ಅರಿತರೆ ಪ್ರಾಣವುಳಿಯುತ್ತದೆಂಬುದಕ್ಕೆ ದಕ್ಷಿಣ ಭಾರತದ್ದೇ ಒಂದು ನಿದರ್ಶನವುಂಟು. ವಾಂತಿಭೇದಿಯ ರೋಗಿಗಳಿಗೆ ಉಪ್ಪು ಸಕ್ಕರೆಗಳ ನೀರನ್ನು ಕುಡಿಸುವುದು ಎಲ್ಲರಿಗೂ ತಿಳಿದ ಚಿಕಿತ್ಸೆ. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ವೈದ್ಯರು, ಸಣ್ಣಕರುಳಿನಲ್ಲಿ ಜೀರ್ಣವಾಗದ ಒಂದು ಬಗೆಯ ಪಿಷ್ಟವನ್ನು ಆ ನೀರಿಗೆ ಸೇರಿಸಿ ಕೊಟ್ಟರು. ಆ ಪಿಷ್ಟವನ್ನು ದೊಡ್ಡಕರುಳಿನ ಸೂಕ್ಷ್ಮಜೀವಿಗಳು ಹುಳಿಸಿ ಆಮ್ಲಗಳನ್ನಾಗಿ ಮಾಡಿದವು. ಆ ಆಮ್ಲಗಳು ಉಪ್ಪನ್ನೂ ಅದರೊಡನೆ ನೀರನ್ನೂ ದೇಹಕ್ಕೆ ಎಳೆದುಕೊಳ್ಳಲು ನೆರವಾದವು. ಕಾಲರಾ ರೋಗಿಗಳ ಭೇದಿ ಬೇಗನೆ ನಿಂತಿತು. 2000ನೆಯ ಇಸವಿಯಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಬೆಂದು ತಣಿದ ಅನ್ನದಲ್ಲಿಯೂ ಪಿಷ್ಟದ ಸ್ವಲ್ಪ ಪಾಲು ಇಂತಹ ಜೀರ್ಣವಾಗದ ರೂಪವನ್ನು ತಾಳುತ್ತದೆ. ನಮ್ಮ ತಂಗಳನ್ನ ಬರಿಯ ಬಡವರ ಊಟವಲ್ಲ, ದೊಡ್ಡಕರುಳಿನ ಊರಿಗೂ ಊಟ.

ಇನ್ನೊಂದು ಪ್ರಯೋಜನವನ್ನು ಕಾಸರಗೋಡಿನ ಜನರ ಮುಂದೆ ಹೇಳುವಾಗ ಮನಸ್ಸು ಭಾರವಾಗುತ್ತದೆ. ಅದು ವಿಷಪರೀಕ್ಷೆ. ಫ್ರಾನ್ಸಿನ ಅಮಿಯಾಂ ನಗರದ ಸಂಶೋಧಕರು ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕವನ್ನು ದಿನಕ್ಕೆ 1 ಮಿಲಿಗ್ರಾಮಿನಂತೆ 30 ದಿನ ಶೈಮ್ ಯಂತ್ರಕ್ಕೆ ಉಣಿಸಿದರು. ಕೆಲವು ಜೀವಿಗಳು ಮಿತಿಮೀರಿ ಹೆಚ್ಚಿ, ಕೆಲವು ಕುಗ್ಗಿ, ಊರಿನ ಸಮತೋಲವೇ ಕೆಟ್ಟಿತೆಂದು 2013ರಲ್ಲಿ ಪ್ರಕಟಿಸಿದರು. 2017ರಲ್ಲಿ ಮಧುರೆಯ ಕಾಮರಾಜ ವಿಶ್ವವಿದ್ಯಾನಿಲಯದವರು ಮಾನೊಕ್ರೊಟೊಫಾಸ್ ಎಂಬ ಇನ್ನೊಂದು ಕೀಟನಾಶಕವನ್ನು ಇಲಿಗಳಿಗೆ ಕೊಟ್ಟು ನೋಡಿದರು. ಕರುಳಿನ ಸೂಕ್ಷ್ಮಜೀವಿಗಳು ಆ ವಿಷವನ್ನು ಒಡೆಯುವಾಗ ಹುಟ್ಟುವ ಅಸಿಟಿಕ್ ಆಮ್ಲದಿಂದ ರಕ್ತದಲ್ಲಿ ಸಕ್ಕರೆ ಏರುತ್ತದೆಂದು ತೋರಿಸಿದರು. ತಿಂದವನಿಗೆ ಆ ದಿನ ಏನೂ ಆಗದಿದ್ದರೂ, ಅವನೊಳಗಿನ ಊರಿಗೆ ಆಗಿರಬಹುದು.

ನಮ್ಮ ಜಿಲ್ಲೆಯ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ನೆಯ ಇಸವಿಯ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದನ್ನು ಇಲ್ಲಿ ಯಾರಿಗೂ ಹೊಸದಾಗಿ ಹೇಳಬೇಕಾಗಿಲ್ಲ. ಪಡ್ರೆಯ ಸುರಂಗದ ನೀರು, ಎಣ್ಮಕಜೆಯ ತೋಡುಗಳು, ತೋಟದಂಚಿನ ಮನೆಗಳ ಬಾವಿಗಳು ಆ ತುಂತುರಿನಿಂದ ಹೊರತಾಗಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ತಡೆಯಿತು. ಅದೇ ವರ್ಷ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳೂ ಅದನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಸಂತ್ರಸ್ತರಿಗೆ 5 ಲಕ್ಷ ರೂಪಾಯಿಗಳ ಪರಿಹಾರ ಕೊಡಬೇಕೆಂದು 2017ರಲ್ಲಿ ನ್ಯಾಯಾಲಯ ಆಜ್ಞೆ ಮಾಡಿತು. ಎಂಡೋಸಲ್ಫಾನ್ ಮುಖ್ಯವಾಗಿ ನರಮಂಡಲವನ್ನು ತಾಕುವ ವಿಷ. ಅದು ಉಸಿರಿನಿಂದಲೂ ಚರ್ಮದಿಂದಲೂ ಒಳಸೇರಬಲ್ಲುದು. ಗಾಜಿನ ಕರುಳೊಂದಿದ್ದರೆ ಈ ದುರಂತವೆಲ್ಲ ತಪ್ಪುತ್ತಿತ್ತೆಂದು ನಾನು ಹೇಳಲಾರೆ. ಆದರೆ ಒಂದು ಮಾತನ್ನು ಹೇಳಲೇಬೇಕು. ಪರೀಕ್ಷೆ ಪಾತ್ರೆಯಲ್ಲಿ ನಡೆಯದಿದ್ದರೆ ಊರಿನಲ್ಲಿ ನಡೆಯುತ್ತದೆ. ಇಪ್ಪತ್ತು ವರ್ಷಗಳಿಗೂ ಮಿಕ್ಕಿ ನಮ್ಮ ಹಳ್ಳಿಗಳೇ ಪ್ರಯೋಗಶಾಲೆಗಳಾದವು, ನಮ್ಮ ಮಕ್ಕಳೇ ಪ್ರಯೋಗದ ಪಾತ್ರೆಗಳಾದರು. ಸೇಂಟ್ ಮಾರ್ಟಿನನ ಗಾಯ ಆಕಸ್ಮಿಕದಿಂದಾದುದು. ಇಲ್ಲಿಯದು ಹಾಗಲ್ಲ. ಹೊಸ ರಾಸಾಯನಿಕ ಯಾವುದೇ ಬರಲಿ, ಮೊದಲು ಗಾಜಿನ ಹೊಟ್ಟೆ ಉಣ್ಣಲಿ, ಆಮೇಲೆ ಮಾತು, ಎಂದು ಕೇಳುವ ಹಕ್ಕು ಇತರರಿಗಿಂತ ಕಾಸರಗೋಡಿಗೆ ಹೆಚ್ಚಾಗಿಯೇ ಇದೆ.

ಈ ಮಾದರಿಗಳ ಕುಂದುಗಳನ್ನೂ ಹೇಳದೆ ಬಿಟ್ಟರೆ ಮಾತು ಏಕಪಕ್ಷೀಯವಾದೀತು. ಗಾಜಿನ ಕರುಳಿಗೆ ನರಗಳಿಲ್ಲ, ರಕ್ತವಿಲ್ಲ, ರೋಗವನ್ನೆದುರಿಸುವ ಸೈನ್ಯವಿಲ್ಲ. ಮನುಷ್ಯನಿಗೆ ಭಯವಾದಾಗ ಹೊಟ್ಟೆ ಕಲಕುತ್ತದೆ, ಯಂತ್ರಕ್ಕೆ ಭಯವಿಲ್ಲ. ಹೊಟ್ಟೆಯ ಕೆಲವು ಜೀವಿಗಳು ಪಾತ್ರೆಯಲ್ಲಿ ಬಾಳಲಾರವು. ಒಂದೊಂದು ಪ್ರಯೋಗಶಾಲೆ ಒಂದೊಂದು ಕ್ರಮವನ್ನು ಅನುಸರಿಸುತ್ತಿದ್ದುದರಿಂದ ಫಲಿತಾಂಶಗಳನ್ನು ಹೋಲಿಸುವುದೂ ಕಷ್ಟವಾಗಿತ್ತು. ಹಲವು ದೇಶಗಳ ವಿಜ್ಞಾನಿಗಳು ಕೂಡಿ, ಕೃತಕ ಜೀರ್ಣಕ್ರಿಯೆಗೆ ಒಂದೇ ಸಮನಾದ ನಿಯಮಗಳನ್ನು 2014ರಲ್ಲಿ ಗೊತ್ತುಪಡಿಸಿದರು. ಆದುದರಿಂದ ಮಾದರಿಯ ತೀರ್ಪು ಕೊನೆಯ ತೀರ್ಪಲ್ಲ. ಎಲ್ಲಿ ಹುಡುಕಬೇಕೆಂದು ತೋರಿಸುವ ಕೈಕಂಬ ಅದು.

ಇದೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿದೆ. ಪಾತ್ರೆಯಲ್ಲಿರುವುದು ಯಾರ ಕರುಳು? ಗೆಂಟಿನ ಯಂತ್ರದಲ್ಲಿ ಯುರೋಪಿಯನ್ನರ ಸೂಕ್ಷ್ಮಜೀವಿಗಳನ್ನು ನೆಲೆಗೊಳಿಸಿ, ಅವರ ಊಟವನ್ನುಣಿಸಿದರೆ ಬರುವ ಉತ್ತರವೂ ಅವರದೇ. ಭಾರತೀಯರ ಕರುಳಿನ ಜೀವಿಗಳನ್ನು ಕುರಿತು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭೋಪಾಲದ ಕಡೆಯವರನ್ನೂ ಕೇರಳದವರನ್ನೂ ಹೋಲಿಸಿದ್ದರು. ಸಸ್ಯಾಹಾರವೇ ಹೆಚ್ಚಾಗಿರುವ ಭೋಪಾಲದವರಲ್ಲಿ ಪ್ರೆವೊಟೆಲ್ಲ ಎಂಬ ಕುಲ ಮೇಲುಗೈಯಾಗಿತ್ತು. ಅನ್ನದೊಡನೆ ಮೀನು ಮಾಂಸಗಳನ್ನೂ ಉಣ್ಣುವ ಕೇರಳದವರಲ್ಲಿ ಬೇರೆ ಕುಲಗಳು ಮುಂದಿದ್ದವು. ಒಂದೇ ದೇಶದ ಎರಡು ಮೂಲೆಗಳಲ್ಲಿಯೇ ಇಷ್ಟು ಅಂತರ! ಹಾಗಿರುವಾಗ ಉಪ್ಪುಸೊಳೆ, ಪತ್ರೊಡೆ, ತಂಬುಳಿ, ಹುರುಳಿ, ತೆಂಗು, ಮೀನುಗಳನ್ನುಂಡು ಬೆಳೆದ ಈ ಕರಾವಳಿಯ ಹೊಟ್ಟೆಗೆ ತನ್ನದೇ ಆದ ಜನಗಣತಿ ಬೇಡವೆ? ಮಾದರಿ ಎಷ್ಟು ಜಾಣನಾದರೂ ತನ್ನೊಳಗೆ ಹಾಕಿದುದರ ವಿಷಯವನ್ನು ಮಾತ್ರ ಹೇಳಬಲ್ಲುದು. ನಮ್ಮನ್ನು ಹಾಕದಿದ್ದರೆ ನಮ್ಮ ವಿಷಯವಾಗಿ ಅದು ಮೌನವಾಗಿರುತ್ತದೆ.

ಇದು ದೂರದ ಕನಸೆಂದು ನಮ್ಮ ವಿದ್ಯಾರ್ಥಿಗಳು ಭಾವಿಸಬಾರದು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದುದು ಇದೇ ಕಾಸರಗೋಡಿನಲ್ಲಿ. ಅದು 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾಲಯವಾಗಿ ಬೆಳೆದು ಇಂದಿಗೂ ನಮ್ಮ ನಡುವೆ ಕೆಲಸ ಮಾಡುತ್ತಿದೆ. ಮೈಸೂರಿನ ಆಹಾರ ಸಂಶೋಧನಾಲಯ ಒಂದು ರಾತ್ರಿಯ ಪ್ರಯಾಣದ ದೂರದಲ್ಲಿದೆ. ಮಣ್ಣಿನ ಸೂಕ್ಷ್ಮಜೀವಿಗಳನ್ನು ಬಲ್ಲವರ ಮಗ್ಗುಲಲ್ಲಿಯೇ ಹೊಟ್ಟೆಯ ಸೂಕ್ಷ್ಮಜೀವಿಗಳನ್ನು ಅರಿಯಬಲ್ಲ ತರುಣ ತರುಣಿಯರು ನಮ್ಮ ಕನ್ನಡ ಶಾಲೆಗಳಿಂದ ಹೊರಬರಬೇಕು. ಅವರು ಹೊರಗಿನ ಭಾಷೆಯಲ್ಲಿ ಪ್ರಬಂಧ ಬರೆಯಲಿ, ಬೇಡವೆನ್ನುವವರಿಲ್ಲ. ಆದರೆ ಬಾವಿಯ ನೀರನ್ನು ಕುಡಿಯುವ ತಾಯಿಗೆ ಆ ನೀರಿನಲ್ಲಿ ಏನಿದೆಯೆಂಬುದನ್ನು ಅವಳ ಮಾತಿನಲ್ಲಿ ಹೇಳಬಲ್ಲವರೂ ಅವರೇ ಆಗಬೇಕು. ತಿಳಿಯದ ಭಾಷೆಯಲ್ಲಿ ಬರೆದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ.

ಮನೆಯಲ್ಲಿರುವ ನಾವು ಮಾಡಬೇಕಾದುದೂ ಸ್ವಲ್ಪವಿದೆ. ಹುಳಿಸಿದ ಹಿಟ್ಟು, ನಾರುಳ್ಳ ಕಾಯಿಪಲ್ಯ, ಬೇಳೆಕಾಳು, ಮಜ್ಜಿಗೆಗಳನ್ನು ಹಳೆಯ ಕಾಲದವೆಂದು ತಳ್ಳದಿರೋಣ. ವೈದ್ಯರು ಹೇಳದೆ ಜೀವಿರೋಧಕ ಔಷಧಗಳನ್ನು ಅಂಗಡಿಯಿಂದ ತಂದು ನುಂಗದಿರೋಣ. ಅವು ರೋಗಾಣುವಿನೊಡನೆ ಒಳಗಿನ ಊರನ್ನೂ ಹಾಳುಮಾಡುತ್ತವೆ. ತೋಟಕ್ಕೆ ಹೊಡೆಯುವ ಔಷಧದ ಡಬ್ಬಿಯ ಮೇಲೆ ಬರೆದುದನ್ನು ಓದಿ, ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಆಮೇಲೆ ಮುಟ್ಟೋಣ.

ಕಣ್ಣಿಗೆ ಕಾಣದ ಊರೊಂದನ್ನು ಪ್ರತಿಯೊಬ್ಬರೂ ಹೊತ್ತು ತಿರುಗುತ್ತಿದ್ದೇವೆ. ಅದರ ಕ್ಷೇಮವೂ ನಮ್ಮ ಕ್ಷೇಮವೂ ಬೇರೆಯಲ್ಲವೆಂಬುದನ್ನು ಗಾಜಿನ ಪಾತ್ರೆಗಳು ತೋರಿಸಿಕೊಟ್ಟಿವೆ.